ಬೇರೆಯವರ ಆಟವನ್ನು ತಿದ್ದುವ ಮುನ್ನ



ಹೋದ ತಿಂಗಳ ಯುವಜನರ ಕೂಟ ಮುಗಿದು, ಟೀ ಕುಡಿದು, ಎಲ್ಲರೂ ಚಪ್ಪಲಿ ಹುಡುಕುತ್ತಿದ್ದ ಹೊತ್ತು. ಹತ್ತನೇ ತರಗತಿಯ ಹುಡುಗನೊಬ್ಬ ಹತ್ತಿರ ಬಂದು ತನ್ನ ಮೊಬೈಲ್ ತೋರಿಸಿದ. ಅದರಲ್ಲಿ ಹಳೇ ಕಾಲದ ಒಂದು ಗುಂಡು ಹಾರಿಸುವ ಆಟವಿತ್ತು. ಯಾರೋ ಅಭಿಮಾನಿಗಳು ಅದನ್ನು ತಿದ್ದಿ, ಎಷ್ಟು ಸಲ ಸತ್ತರೂ ಮತ್ತೆ ಎದ್ದು ಬರುವ ಹಾಗೆ ಮಾಡಿದ್ದರು.

"ಅಣ್ಣಾ, ಇದನ್ನ ಮಾಡಿದೋರು ಕಳ್ಳರಾ? ನಾನು ಆಡಿದ್ರೆ ತಪ್ಪಾ?" ಎಂದು ಕೇಳಿದ.

"ಮೂಲ ಆಟದವರ ಅನುಮತಿ ಇಲ್ದೆ ಮಾಡಿದ್ರೆ ತಪ್ಪೇ ಕಣೋ" ಎಂದೆ.

ಅವನು ಸ್ವಲ್ಪ ಯೋಚಿಸಿ, "ಹಂಗಾದ್ರೆ ಅನುಮತಿ ತಗೊಂಡು ಏನು ಬೇಕಾದ್ರೂ ಮಾಡಬಹುದಾ?" ಎಂದ.

ನನಗೆ ಉತ್ತರ ಹೊಳೆಯಲಿಲ್ಲ. ಮುಂದಿನ ಕೂಟದಲ್ಲಿ ಹೇಳುತ್ತೇನೆ ಎಂದು ಜಾರಿಕೊಂಡೆ. ಮನೆಗೆ ಬಂದ ಮೇಲೂ ಆ ಮಾತು ಬಿಡಲಿಲ್ಲ. ಕಾರಣ, ಅನುಮತಿ ಪಡೆದೇ ನಾನು ಮಾಡಿದ ಒಂದು ತಪ್ಪು ನೆನಪಾಗಿತ್ತು. ಅದನ್ನು ಕೊನೆಗೆ ಹೇಳುತ್ತೇನೆ. ಮೊದಲು ಆಟಗಳ ವಿಷಯಕ್ಕೆ ಬರೋಣ. ಹುಡುಗನ ಎರಡು ಪ್ರಶ್ನೆಗಳೂ ಸುಮಾರು 45 ವರ್ಷಗಳ ಹಿಂದೆ ಅಮೆರಿಕದಲ್ಲಿ, ಒಂದೇ ಕಂಪನಿಯ ಎರಡು ಆಟಗಳ ವಿಷಯದಲ್ಲಿ ನಿಜವಾಗಿಯೂ ಎದ್ದಿದ್ದವು.

ಆರು ಊರು ಕಾಯುವ ಆಟ

ಆಗ ಇಂಥ ಆಟಗಳು ಮನೆಗಿಂತ ಹೆಚ್ಚಾಗಿ ಅಂಗಡಿ, ಹೋಟೆಲು, ಆಟದ ಮಳಿಗೆಗಳಲ್ಲಿ ಇರುತ್ತಿದ್ದವು. ಬೀರುವಿನಷ್ಟು ದೊಡ್ಡ ಪೆಟ್ಟಿಗೆ, ಅದರೊಳಗೆ ಟಿವಿಯಂಥ ಪರದೆ. ನಾಣ್ಯ ಹಾಕಿದರೆ ಒಂದು ಆಟ, ಸೋತರೆ ಮತ್ತೊಂದು ನಾಣ್ಯ. ಅಟಾರಿ ಎಂಬ ಕಂಪನಿ 1980ರಲ್ಲಿ 'ಮಿಸೈಲ್ ಕಮಾಂಡ್' ಎಂಬ ಆಟವನ್ನು ಹೊರತಂದಿತು. ಅದನ್ನು ರೂಪಿಸಿದವರು ಡೇವ್ ಥ್ಯೂರರ್ ಎಂಬ ಪ್ರೋಗ್ರಾಮರ್.

ಪರದೆಯ ಕೆಳಗಡೆ ಆರು ಊರುಗಳು. ಅವುಗಳ ಜೊತೆಗೆ ಮೂರು ಕಾವಲು ಠಾಣೆಗಳು, ಒಂದೊಂದರಲ್ಲಿ ಹತ್ತು ಕ್ಷಿಪಣಿಗಳು. ಮೇಲಿನಿಂದ ಶತ್ರುವಿನ ಕ್ಷಿಪಣಿಗಳು ಗೆರೆ ಎಳೆದ ಹಾಗೆ ಇಳಿಯುತ್ತವೆ. ಕೆಲವು ನಡುದಾರಿಯಲ್ಲಿ ಒಡೆದು ಮೂರು ನಾಲ್ಕಾಗುತ್ತವೆ. ಆಡುವವನು ಒಂದು ಚೆಂಡನ್ನು ಅಂಗೈಯಲ್ಲಿ ಉರುಳಿಸುತ್ತಾ ಗುರಿ ಹಿಡಿದು, ಅವು ನೆಲ ಮುಟ್ಟುವ ಮೊದಲೇ ಆಕಾಶದಲ್ಲಿ ಒಡೆಯಬೇಕು.

ಈ ಆಟದಲ್ಲಿ ಶತ್ರುವಿನ ಊರು ಕಾಣುವುದೇ ಇಲ್ಲ. ನೀವು ಯಾರ ಮೇಲೂ ದಾಳಿ ಮಾಡಲು ಆಗುವುದಿಲ್ಲ. ಕಾಯುವುದಷ್ಟೇ ನಿಮ್ಮ ಕೆಲಸ. ಥ್ಯೂರರ್ ಅವರು ಬೇಕೆಂದೇ ಹೀಗೆ ಮಾಡಿದ್ದರು. ಅಂಕಗಳ ಲೆಕ್ಕದಲ್ಲೂ ಅದೇ ಕಾಣುತ್ತದೆ. ಒಂದು ಶತ್ರು ಕ್ಷಿಪಣಿ ಹೊಡೆದರೆ 25 ಅಂಕ, ಸುತ್ತಿನ ಕೊನೆಗೆ ಒಂದು ಊರು ಉಳಿದಿದ್ದರೆ 100 ಅಂಕ. ಬಳಸದೆ ಉಳಿಸಿದ ಪ್ರತಿ ಕ್ಷಿಪಣಿಗೂ 5 ಅಂಕ ಉಂಟು. ಒಂದು ಊರು ನಾಲ್ಕು ಹೊಡೆತಗಳಿಗೆ ಸಮ.

ಆದರೆ ಈ ಆಟದಲ್ಲಿ ಗೆಲುವು ಇಲ್ಲ. ಸುತ್ತು ಕಳೆದಂತೆ ಕ್ಷಿಪಣಿಗಳು ಹೆಚ್ಚುತ್ತವೆ, ವೇಗವೂ ಹೆಚ್ಚುತ್ತದೆ. ಕೊನೆಗೊಮ್ಮೆ ಆರು ಊರುಗಳೂ ಸುಟ್ಟುಹೋಗುತ್ತವೆ. ಬೇರೆ ಆಟಗಳಲ್ಲಿ 'ಗೇಮ್ ಓವರ್' ಎಂದು ಬರುವ ಕಡೆ ಇಲ್ಲಿ ಪರದೆಯ ತುಂಬ ಸ್ಫೋಟವಾಗಿ 'ದಿ ಎಂಡ್' ಎಂಬ ಎರಡೇ ಪದಗಳು ಬರುತ್ತವೆ. ಅದು ಅಮೆರಿಕ ಮತ್ತು ಸೋವಿಯತ್ ಒಕ್ಕೂಟ ಅಣ್ವಸ್ತ್ರ ಹಿಡಿದು ಎದುರುಬದುರು ನಿಂತಿದ್ದ ಕಾಲ. ಈ ಆಟ ಮಾಡುವ ದಿನಗಳಲ್ಲಿ ಅಣುಯುದ್ಧದ ಕೆಟ್ಟ ಕನಸುಗಳು ಬೀಳುತ್ತಿದ್ದವು ಎಂದು ಥ್ಯೂರರ್ ಆಮೇಲೆ ಹೇಳಿಕೊಂಡಿದ್ದಾರೆ. ಅಂಥ ಯುದ್ಧದಲ್ಲಿ ಗೆಲ್ಲುವವರು ಯಾರೂ ಇಲ್ಲ ಎಂಬುದು ಆ ಆಟದೊಳಗೇ ಇತ್ತು.

ಕೇಳದೆ ತಿದ್ದಿದವರು

ಅಮೆರಿಕದ ಹೆಸರಾಂತ ತಂತ್ರಜ್ಞಾನ ಸಂಸ್ಥೆ ಎಂಐಟಿಯಲ್ಲಿ ಓದುತ್ತಿದ್ದ ಡಗ್ ಮೆಕ್ರೇ ಮತ್ತು ಕೆವಿನ್ ಕರನ್ ಎಂಬಿಬ್ಬರು ಹುಡುಗರು ವಿದ್ಯಾರ್ಥಿ ನಿಲಯಗಳಲ್ಲಿ ಆಟದ ಯಂತ್ರಗಳನ್ನಿಟ್ಟು ನಡೆಸುತ್ತಿದ್ದರು. ಮಿಸೈಲ್ ಕಮಾಂಡ್ ಯಂತ್ರಗಳನ್ನೂ ಕೊಂಡು ತಂದಿಟ್ಟರು. ಶುರುವಿನಲ್ಲಿ ಚೆನ್ನಾಗಿ ನಾಣ್ಯ ಬಿತ್ತು. ಬರಬರುತ್ತಾ ಹುಡುಗರೆಲ್ಲ ಆಟದಲ್ಲಿ ಪಳಗಿದರು. ಒಂದೇ ನಾಣ್ಯದಲ್ಲಿ ಬಹಳ ಹೊತ್ತು ಆಡತೊಡಗಿದರು, ಆದಾಯ ಇಳಿಯಿತು.

ಆಗ ಇವರು ಆಟವನ್ನೇ ತಿದ್ದಲು ಕೂತರು. ಒಂದು ಪುಟ್ಟ ಸರ್ಕ್ಯೂಟ್ ಬೋರ್ಡ್ ಮಾಡಿದರು. ಹಳೇ ಯಂತ್ರದ ಬೋರ್ಡಿಗೆ ಅದನ್ನು ಸೇರಿಸಿದರೆ ಆಟ ಹೆಚ್ಚು ಕಷ್ಟವಾಗುತ್ತಿತ್ತು, ಕಿರಣ ಹಾಯಿಸುವ ಒಂದು ಹಾರುವ ತಟ್ಟೆಯೂ ಬರುತ್ತಿತ್ತು. 'ಸೂಪರ್ ಮಿಸೈಲ್ ಅಟ್ಯಾಕ್' ಎಂದು ಹೆಸರಿಟ್ಟು, ಜನರಲ್ ಕಂಪ್ಯೂಟರ್ ಎಂಬ ತಮ್ಮದೇ ಕಂಪನಿ ಕಟ್ಟಿ, 1981ರಲ್ಲಿ ಬೇರೆ ಯಂತ್ರ ಮಾಲೀಕರಿಗೂ ಮಾರಿದರು. ಹೊಸ ಯಂತ್ರ ಕೊಳ್ಳುವುದಕ್ಕಿಂತ ಇದು ಎಷ್ಟೋ ಅಗ್ಗ.

ಅಟಾರಿ ಕಂಪನಿ ಕೋರ್ಟಿಗೆ ಹೋಯಿತು. ನಮ್ಮ ಆಟವನ್ನು ನಮ್ಮನ್ನು ಕೇಳದೆ ತಿದ್ದಿ ಮಾರುತ್ತಿದ್ದಾರೆ ಎಂಬುದು ಅದರ ದೂರು.

ಇದು ಕಳ್ಳತನವೇ? 'ಕದಿಯಬೇಡ' ಎಂಬ ಏಳನೇ ಕಟ್ಟಳೆಯನ್ನು ನಾವೆಲ್ಲ ಧರ್ಮೋಪದೇಶದ ತರಗತಿಯಲ್ಲಿ ಬಾಯಿಪಾಠ ಮಾಡಿದ್ದೇವೆ. ಒಬ್ಬನ ಆಡು ಕದ್ದರೆ ಅವನ ಕೊಟ್ಟಿಗೆ ಖಾಲಿಯಾಗುತ್ತದೆ. ಇಲ್ಲಿ ಹಾಗಾಗಲಿಲ್ಲ. ಆ ಬೋರ್ಡ್ ಹಾಕಬೇಕಾದರೆ ಅಟಾರಿಯ ಅಸಲಿ ಯಂತ್ರ ಇರಲೇಬೇಕಿತ್ತು. ಹುಡುಗರು ನಕಲಿ ಯಂತ್ರ ಮಾಡಿರಲಿಲ್ಲ, ಕದ್ದುಮುಚ್ಚಿ ಮಾರಿರಲೂ ಇಲ್ಲ. ಕೊಂಡ ಬೈಕಿಗೆ ಬೇರೆ ಹ್ಯಾಂಡಲ್ ಹಾಕಿಸುವ ಹಾಗೆ ಎಂದು ಅವರ ಪರವಾಗಿ ವಾದಿಸಬಹುದು.

ಆದರೆ ಅಟಾರಿಯ ಮಾತಿನಲ್ಲೂ ನ್ಯಾಯವಿದೆ. ಬೈಕಿನ ಕಬ್ಬಿಣಕ್ಕೂ ಆಟಕ್ಕೂ ವ್ಯತ್ಯಾಸವುಂಟು. ಯಂತ್ರ ಕೊಂಡವನಿಗೆ ಪೆಟ್ಟಿಗೆ ಸೇರಿತು, ಆಟದ ಹಿಂದಿನ ಯೋಚನೆ ಅದರ ಜೊತೆ ಮಾರಾಟವಾಗಲಿಲ್ಲ. ಆ ಯೋಚನೆಯ ಮೇಲೆ ಬೇರೊಬ್ಬರು ತಮ್ಮ ಅಂಗಡಿ ಕಟ್ಟುವಾಗ ಒಂದು ಮಾತು ಕೇಳಬೇಕಿತ್ತು.

ಕೊನೆಗೆ ತೀರ್ಪಿನ ತನಕ ಹೋಗದೆ ಎರಡೂ ಕಡೆಯವರು ರಾಜಿಯಾದರು. ಮೂಲ ತಯಾರಕರ ಒಪ್ಪಿಗೆಯಿಲ್ಲದೆ ಇಂಥ ಬೋರ್ಡುಗಳನ್ನು ಮಾರುವುದಿಲ್ಲ ಎಂದು ಹುಡುಗರು ಒಪ್ಪಿದರು. ಅಟಾರಿ ಅವರಿಗೇ ಹೊಸ ಆಟಗಳನ್ನು ಮಾಡುವ ಕೆಲಸ ಕೊಟ್ಟಿತು. ಅಷ್ಟರಲ್ಲಿ ಅವರು ಪ್ಯಾಕ್‌ಮ್ಯಾನ್ ಆಟಕ್ಕೂ ಒಂದು ಬದಲಾವಣೆ ಸಿದ್ಧಮಾಡಿಕೊಂಡಿದ್ದರು. ಈ ಸಲ ಅದನ್ನು ನೇರವಾಗಿ ಅಮೆರಿಕದಲ್ಲಿ ಪ್ಯಾಕ್‌ಮ್ಯಾನ್ ಮಾರುತ್ತಿದ್ದ ಮಿಡ್‌ವೇ ಕಂಪನಿಗೆ ತೋರಿಸಿದರು. 1982ರಲ್ಲಿ 'ಮಿಸ್ ಪ್ಯಾಕ್‌ಮ್ಯಾನ್' ಎಂಬ ಹೆಸರಿನಲ್ಲಿ ಅದು ಹೊರಬಂದು, ಲಕ್ಷಕ್ಕೂ ಹೆಚ್ಚು ಯಂತ್ರಗಳು ಮಾರಾಟವಾದವು. ಕೇಳದೆ ಮಾಡಿದ್ದು ಕೋರ್ಟಿಗೆ ಎಳೆಯಿತು, ಕೇಳಿ ಮಾಡಿದ್ದು ಎಲ್ಲರಿಗೂ ಊಟ ಕೊಟ್ಟಿತು.

ನನ್ನ ಲೇಖನ ಇಲ್ಲಿಗೇ ಮುಗಿದಿದ್ದರೆ ಸುಲಭವಿತ್ತು. 'ಕೇಳಿ ಮಾಡಿರಿ' ಎಂದು ಬುದ್ಧಿ ಹೇಳಿ ಪೆನ್ನು ಕೆಳಗಿಡಬಹುದಿತ್ತು. ಆದರೆ ಹುಡುಗನ ಎರಡನೇ ಪ್ರಶ್ನೆ ಉಳಿದಿದೆ.

ಅನುಮತಿ ಇದ್ದೂ ನೋಯಿಸಿದ ಬದಲಾವಣೆ

ಅದೇ 1980ರಲ್ಲಿ ಅದೇ ಅಟಾರಿಯಿಂದ 'ಬ್ಯಾಟಲ್‌ಝೋನ್' ಎಂಬ ಇನ್ನೊಂದು ಆಟ ಬಂದಿತ್ತು. ಅದನ್ನು ಮಾಡಿದವರು ಎಡ್ ರಾಟ್‌ಬರ್ಗ್. ಕಪ್ಪು ಪರದೆಯ ಮೇಲೆ ಹಸಿರು ಗೆರೆಗಳ ಬೆಟ್ಟಗಳು. ಆಡುವವನು ಟ್ಯಾಂಕಿನೊಳಗೆ ಕೂತ ಹಾಗೆ ಒಂದು ಕಿಂಡಿಯಲ್ಲಿ ಕಣ್ಣಿಟ್ಟು, ಎರಡು ಕಡ್ಡಿ ಹಿಡಿದು ಓಡಾಡುತ್ತಾ ಶತ್ರು ಟ್ಯಾಂಕುಗಳನ್ನು ಹುಡುಕಿ ಹೊಡೆಯಬೇಕು.

ಈ ಆಟ ಅಮೆರಿಕದ ಸೇನೆಯವರ ಕಣ್ಣಿಗೆ ಬಿತ್ತು. ಇದನ್ನೇ ಸ್ವಲ್ಪ ತಿದ್ದಿದರೆ ಬ್ರ್ಯಾಡ್ಲಿ ಎಂಬ ಯುದ್ಧವಾಹನದ ಗುರಿಗಾರರಿಗೆ ತರಬೇತಿ ಕೊಡಬಹುದಲ್ಲ ಎಂಬ ಯೋಚನೆ ಬಂತು. ಅಟಾರಿ ಒಪ್ಪಿಕೊಂಡಿತು. ಆದರೆ ರಾಟ್‌ಬರ್ಗ್ ಅವರಿಗೆ ಇದು ಸ್ವಲ್ಪವೂ ಹಿಡಿಸಲಿಲ್ಲ. ಜನರ ಖುಷಿಗೆ ಮಾಡಿದ ಆಟ ನಿಜವಾಗಿ ಕೊಲ್ಲುವುದನ್ನು ಕಲಿಸುವ ಸಾಧನವಾಗಬಾರದು ಎಂದು ಅವರು ವಿರೋಧಿಸಿದರು. ವಿರೋಧ ನಡೆಯಲಿಲ್ಲ. ಇನ್ನು ಮುಂದೆ ಇಂಥ ಸೇನೆಯ ಕೆಲಸ ತನಗೆ ಕೊಡಬಾರದು ಎಂಬ ಮಾತು ಪಡೆದು, ತಿಂಗಳುಗಟ್ಟಲೆ ಕೂತು, ಅವರೇ ಅದನ್ನು ತಿದ್ದಿಕೊಟ್ಟರು. ಹಾಗೆ ತಯಾರಾದ 'ಬ್ರ್ಯಾಡ್ಲಿ ಟ್ರೈನರ್' ಯಂತ್ರಗಳು ಎರಡೇ ಎರಡು.

ಆ ಯಂತ್ರದಲ್ಲಿ ಏನು ಬದಲಾಯಿತು ಎಂಬುದನ್ನು ಗಮನಿಸಿ. ಬ್ಯಾಟಲ್‌ಝೋನಿನಲ್ಲಿ ಆಡುವವನು ಓಡಾಡಬಹುದು, ಅಡ್ಡ ನಿಲ್ಲಬಹುದು, ತಪ್ಪಿಸಿಕೊಳ್ಳಬಹುದು. ತರಬೇತಿ ಯಂತ್ರದಲ್ಲಿ ವಾಹನ ನಿಂತಲ್ಲೇ ನಿಂತಿರುತ್ತದೆ, ಬಂದೂಕು ಮಾತ್ರ ತಿರುಗುತ್ತದೆ. ನೋಡುವುದು, ಗುರಿ ಹಿಡಿಯುವುದು, ಹೊಡೆಯುವುದು ಇವಷ್ಟೇ ಉಳಿದವು.

ಕಾನೂನಿನ ಪ್ರಕಾರ ಇಲ್ಲಿ ಯಾವ ತಪ್ಪೂ ಇಲ್ಲ. ಆಟ ಕಂಪನಿಯದು, ಕಂಪನಿ ಒಪ್ಪಿದೆ, ನೌಕರನಿಗೆ ಸಂಬಳ ಸಿಕ್ಕಿದೆ. ಕೋರ್ಟಿಗೆ ಹೋಗುವಂಥದ್ದು ಏನೂ ನಡೆಯಲಿಲ್ಲ. ಆದರೂ ಈ ಎರಡು ಕಥೆಗಳಲ್ಲಿ ಯಾವುದು ನಿಮ್ಮ ಮನಸ್ಸಿಗೆ ಹೆಚ್ಚು ಚುಚ್ಚಿತು ಎಂದು ಕೇಳಿಕೊಳ್ಳಿ. ನನಗೆ ಚುಚ್ಚಿದ್ದು ಎರಡನೆಯದು. ಎಂಐಟಿ ಹುಡುಗರು ಯಾರನ್ನೂ ಕೇಳಲಿಲ್ಲ, ಆದರೆ ಅವರ ತಿದ್ದುಪಡಿಯಲ್ಲೂ ಆಡುವವನು ಊರು ಕಾಯುವವನಾಗಿಯೇ ಉಳಿದ. ಥ್ಯೂರರ್ ಅವರ ಆಟದ ಜೀವ ಹಾಗೇ ಇತ್ತು. ಬ್ರ್ಯಾಡ್ಲಿ ಯಂತ್ರದಲ್ಲಿ ಎಲ್ಲ ಒಪ್ಪಿಗೆಗಳೂ ಇದ್ದವು, ಆದರೆ ಮಾಡಿದವನ ಮನಸ್ಸಾಕ್ಷಿ ಬೇಡ ಎಂದ ಕಡೆಗೇ ಅವನ ಕೆಲಸವನ್ನು ತಿರುಗಿಸಿದರು. ಅದೂ ಅವನ ಕೈಯಿಂದಲೇ ಮಾಡಿಸಿದರು.

ಎದುರು ವಾದವನ್ನೂ ಕೇಳಬೇಕು. ಆ ತರಬೇತಿ ಯಂತ್ರದಲ್ಲಿ ಮಿತ್ರ ವಾಹನ ಯಾವುದು, ಶತ್ರು ವಾಹನ ಯಾವುದು ಎಂದು ಗುರುತಿಸುವುದನ್ನು ಕಲಿಯಬೇಕಿತ್ತು. ಸರಿಯಾಗಿ ಕಲಿತ ಸೈನಿಕ ಆತುರದಲ್ಲಿ ತನ್ನವರನ್ನೇ ಕೊಲ್ಲದೆ ಇರಬಹುದು. ನಮ್ಮ ಕುಟುಂಬಗಳಲ್ಲೂ ಸೇನೆಯಲ್ಲಿ ಇರುವವರಿದ್ದಾರೆ. ಅವರ ಕೆಲಸವನ್ನು ನಾನು ಹಗುರವಾಗಿ ಕಾಣುತ್ತಿಲ್ಲ. ರಾಟ್‌ಬರ್ಗ್ ಹೇಳಿದ್ದೇ ಸರಿ, ಸೇನೆಯವರದು ತಪ್ಪು ಎಂದು ತೀರ್ಪು ಕೊಡುವುದೂ ನನ್ನ ಉದ್ದೇಶವಲ್ಲ. ನಾನು ಹೇಳುವುದು ಇಷ್ಟು. ಒಂದು ಕೆಲಸಕ್ಕೆ ಮಾಲೀಕ ಒಬ್ಬನಿರುತ್ತಾನೆ, ಅದನ್ನು ಮಾಡಿದವನು ಇನ್ನೊಬ್ಬನಿರಬಹುದು. ಮಾಲೀಕನ ಸಹಿ ಸಿಕ್ಕಿದ ಮಾತ್ರಕ್ಕೆ ಮಾಡಿದವನ ಬಾಯಿ ಮುಚ್ಚಿಸಿದ ಹಾಗಾಗಬಾರದು. ಸಂಬಳಕ್ಕೆ ಅವನು ತನ್ನ ಸಮಯವನ್ನು ಕೊಟ್ಟಿದ್ದಾನೆ, ಕೈಚಳಕವನ್ನು ಕೊಟ್ಟಿದ್ದಾನೆ. ಮನಸ್ಸಾಕ್ಷಿ ಆ ಲೆಕ್ಕದಲ್ಲಿ ಸೇರುವುದಿಲ್ಲ.

ನನ್ನ ತಿದ್ದುಪಡಿ

ಈಗ ನನ್ನ ವಿಷಯ ಹೇಳುತ್ತೇನೆ.

ನಮ್ಮ ಧರ್ಮಕೇಂದ್ರದಲ್ಲಿ ತಮಿಳು ಪೂಜೆಗೆ ಬರುವವರು, ಕನ್ನಡ ಪೂಜೆಗೆ ಬರುವವರು ಎಂದು ನಾವೆಲ್ಲ ಒಂದೇ ಅಂಗಳದಲ್ಲಿ ಇರುವವರು. ಹೋದ ಕ್ರಿಸ್ಮಸ್‌ಗೆ ಕನ್ನಡದ ಮಕ್ಕಳಿಗೂ ಒಂದು ಕಿರುನಾಟಕ ಬೇಕೆಂದು ಹುಡುಕುವಾಗ ಚರ್ಚಿನ ಬೀರುವಿನಲ್ಲಿ ಒಂದು ಹಳೇ ನೋಟ್‌ಬುಕ್ ಸಿಕ್ಕಿತು. ತಮಿಳಿನ ಮೇಷ್ಟ್ರೊಬ್ಬರು ಬಹಳ ವರ್ಷಗಳ ಹಿಂದೆ ಬರೆದ ನಾಟಕ ಅದು. ಮರಿಯಮ್ಮ ಮತ್ತು ಜೋಸೆಫರಿಗೆ ಜಾಗವಿಲ್ಲ ಎಂದು ಕಳಿಸಿದ ಛತ್ರದ ಯಜಮಾನನ ಕಥೆ. ಗುರುಗಳನ್ನು ಕೇಳಿದೆ, "ಧಾರಾಳವಾಗಿ ಆಡಿಸಿ" ಎಂದರು. ಅನುಮತಿ ಆಯಿತು.

ನಾಟಕದ ಕೊನೆಯಲ್ಲಿ ಮಾತೇ ಇರಲಿಲ್ಲ. ಯಜಮಾನನಿಗೆ ರಾತ್ರಿಯೆಲ್ಲ ನಿದ್ದೆ ಬರುವುದಿಲ್ಲ. ಎದ್ದು ಬಾಗಿಲು ತೆಗೆದು ಕತ್ತಲೆಯನ್ನು ನೋಡುತ್ತಾ ನಿಲ್ಲುತ್ತಾನೆ, ಅಷ್ಟೇ. ಮಕ್ಕಳಿಗೆ ಇದು ಬೇಜಾರು ಎಂದುಕೊಂಡೆ. ಕನ್ನಡಕ್ಕೆ ತರುವಾಗ ಯಜಮಾನನನ್ನು ಜಿಪುಣ ಕೋಡಂಗಿಯಾಗಿ ಮಾಡಿದೆ. ಕೊನೆಗೆ ಅವನು ಬಾಗಿಲು ಹಾಕಲು ಹೋಗಿ ಎಣ್ಣೆಯ ಮೇಲೆ ಜಾರಿ ಬೀಳುತ್ತಾನೆ. ಜನ ಬಿದ್ದು ಬಿದ್ದು ನಕ್ಕರು. ನನಗೂ ಬಹಳ ಹೆಮ್ಮೆಯಾಯಿತು.

ಮೇಷ್ಟ್ರು ಹಿಂದಿನ ಸಾಲಿನಲ್ಲಿ ಕೂತಿದ್ದರು. ಅವರು ಬರುತ್ತಾರೆಂದು ನನಗೆ ಗೊತ್ತಿರಲಿಲ್ಲ. ಕೇಕ್ ಹಂಚುವಾಗ ಹತ್ತಿರ ಬಂದು, "ಚೆನ್ನಾಗಿತ್ತು ತಂಬಿ, ಮಕ್ಕಳು ಚೆನ್ನಾಗಿ ಮಾಡಿದ್ರು" ಎಂದರು. ನಾನು ನಗುತ್ತಾ, "ನಿಮ್ಮ ನಾಟಕಾನೇ ಮೇಷ್ಟ್ರೇ, ಕೊನೇಲಿ ಸ್ವಲ್ಪ ಬದಲಾಯಿಸ್ದೆ" ಎಂದೆ.

ಅವರು ಸ್ವಲ್ಪ ಹೊತ್ತು ಸುಮ್ಮನಿದ್ದು ಹೇಳಿದರು: "ಒಂದು ಮಳೆ ರಾತ್ರಿ ಯಾರೋ ನಮ್ಮ ಮನೆ ಬಾಗಿಲು ತಟ್ಟಿದ್ರು. ಕೈಯಲ್ಲಿ ಮಗು ಇತ್ತು. ನಾನು ತೆಗೀಲಿಲ್ಲ. ಅದಕ್ಕೇ ಆ ನಾಟಕ ಬರೆದೆ."

ಅವರು ಸಿಟ್ಟಿನಿಂದ ಹೇಳಲಿಲ್ಲ. ಕೇಕಿನ ತಟ್ಟೆ ಹಿಡಿದು ಮೊಮ್ಮಗಳ ಹತ್ತಿರ ಹೋದರು. ನಾನು ಮಾತ್ರ ಅಲ್ಲೇ ನಿಂತಿದ್ದೆ. ನೋಟ್‌ಬುಕ್ ಚರ್ಚಿನದು, ಗುರುಗಳ ಒಪ್ಪಿಗೆ ಇತ್ತು, ಯಾರ ಹಣವನ್ನೂ ನಾನು ಮುಟ್ಟಿರಲಿಲ್ಲ. ಆದರೆ ಆ ಮನುಷ್ಯ ಒಳಗೆ ಇಟ್ಟುಕೊಳ್ಳಲಾಗದೆ ಬರೆದಿದ್ದ ಒಂದೇ ಒಂದು ಜಾಗವನ್ನು ನಾನು ನಗುವಿಗಾಗಿ ಕಿತ್ತುಹಾಕಿದ್ದೆ. ಬರೆದವರು ಎರಡು ಬೀದಿ ಆಚೆ ಇದ್ದರು. ಅವರನ್ನು ಕೇಳಬೇಕೆಂದು ನನಗೆ ಹೊಳೆಯಲೇ ಇಲ್ಲ.

ಹಾಗಾದರೆ ಏನನ್ನೂ ತಿದ್ದಬಾರದೇ?

ಹಾಗೆಂದರೆ ನಮ್ಮಂಥವರ ಬದುಕೇ ನಡೆಯುವುದಿಲ್ಲ. ಮೂರು ನಾಲ್ಕು ಭಾಷೆಗಳ ನಡುವೆ ಇರುವ ನಾವು ದಿನವೂ ತಿದ್ದುವವರೇ. ತಮಿಳಿನ ರಾಗಕ್ಕೆ ಕನ್ನಡದ ಮಾತು ಹಾಕುತ್ತೇವೆ, ಮಲಯಾಳದ ನಾಟಕವನ್ನು ಕನ್ನಡದಲ್ಲಿ ಆಡುತ್ತೇವೆ. ತಿದ್ದುವ ಅಭಿಮಾನಿಗಳಿಲ್ಲದಿದ್ದರೆ ಮಿಸ್ ಪ್ಯಾಕ್‌ಮ್ಯಾನೂ ಹುಟ್ಟುತ್ತಿರಲಿಲ್ಲ. ಪ್ರೀತಿಯಿದ್ದವರೇ ತಿದ್ದಲು ಕೈಹಾಕುತ್ತಾರೆ, ಬೇಡವಾದ ವಸ್ತುವಿಗಾಗಿ ಯಾರೂ ರಾತ್ರಿ ನಿದ್ದೆಗೆಡುವುದಿಲ್ಲ.

ಹಾಗಾಗಿ ನನಗೆ ನಾನೇ ಮೂರು ಪ್ರಶ್ನೆ ಹಾಕಿಕೊಂಡಿದ್ದೇನೆ. ಇದು ಯಾರದು, ಅವರನ್ನು ಕೇಳಿದೆನೇ? ಇದನ್ನು ಮಾಡಿದವರು ಯಾರು, ಇದರಲ್ಲಿ ಅವರು ಯಾವುದನ್ನು ಬಿಟ್ಟುಕೊಡಲಾರರು? ನಾನು ತಿದ್ದಿದ ಮೇಲೆ ಇದು ಯಾರ ಕೈಯಲ್ಲಿ, ಯಾವ ಕೆಲಸಕ್ಕೆ ಬರುತ್ತದೆ? ಮೊದಲನೆಯದಕ್ಕೆ ಕಾಗದದಲ್ಲಿ ಉತ್ತರ ಸಿಗುತ್ತದೆ. ಉಳಿದೆರಡಕ್ಕೆ ಮನುಷ್ಯರ ಹತ್ತಿರ ಹೋಗಬೇಕು. ಮಾಡಿದವರು ತೀರಿಹೋಗಿದ್ದರೆ, ದೂರದಲ್ಲಿದ್ದರೆ, ಏನು ತಿದ್ದಿದ್ದೇವೆ ಎಂದು ಮುಚ್ಚಿಡದೆ ಹೇಳುವುದಾದರೂ ನಮ್ಮ ಕೈಯಲ್ಲಿದೆ. ವಾಟ್ಸಾಪಿನಲ್ಲಿ ಇನ್ನೊಬ್ಬರ ಬರಹದ ಹೆಸರು ಅಳಿಸಿ, ಕೊನೆಯ ಸಾಲು ಬದಲಾಯಿಸಿ ಕಳಿಸುವ ನಮಗೆಲ್ಲ ಈ ಮಾತು ಸೇರುತ್ತದೆ.

ಆ ಹುಡುಗನಿಗೆ ಉತ್ತರ ಕೊಟ್ಟಿದ್ದೇನೆ. "ಒಬ್ಬನೇ ಕೂತು ಸಾಯದ ಹಾಗೆ ಆಡಿದ್ರೆ ಆಟಾನೇ ಸಪ್ಪೆ ಆಗುತ್ತೆ ಅಷ್ಟೇ. ಆದ್ರೆ ಇನ್ನೊಬ್ಬನ ಎದುರು ಅದನ್ನ ಹಾಕ್ಕೊಂಡು ಗೆದ್ರೆ ಅದು ಮೋಸ. ಎಲ್ಲಿಂದ ಬಂತು ಅಂತ ಗೊತ್ತಿಲ್ಲದ ಫೈಲನ್ನ ಅಪ್ಪನ ಮೊಬೈಲಿಗೆ ಹಾಕೋದಂತೂ ಬೇಡವೇ ಬೇಡ, ಅದರಲ್ಲೇ ಬ್ಯಾಂಕಿನ ಲೆಕ್ಕ ಇರುತ್ತೆ" ಎಂದೆ. ಆಮೇಲೆ ರಾಟ್‌ಬರ್ಗ್ ಅವರ ಕಥೆ ಹೇಳಿದೆ. "ಪಾಪ, ಅವರ ಕೈಲೇ ಮಾಡಿಸಿದ್ರಾ?" ಎಂದು ಕೇಳಿದ. ಅವನಿಗೆ ವಿಷಯ ತಿಳಿದಿತ್ತು.

ಮೇಷ್ಟ್ರ ಮನೆಗೂ ಹೋಗಿ ಬಂದೆ. ತಡವಾಗಿಯಾದರೂ ಕ್ಷಮೆ ಕೇಳಿದೆ. ಈ ವರ್ಷ ನಾಟಕವನ್ನು ಅವರು ಬರೆದ ಹಾಗೆಯೇ ಆಡಿಸುತ್ತೇವೆ ಎಂದೆ. ಅವರು ನಕ್ಕು, "ಆ ಜಾರಿ ಬೀಳೋದು ಇರಲಿ ತಂಬಿ, ಮಕ್ಕಳು ನಗಲಿ. ಆದ್ರೆ ಎದ್ದ ಮೇಲೆ ಬಾಗಿಲು ತೆಗೆದು ನಿಲ್ಲಬೇಕು, ಅದೊಂದು ಬಿಡಬೇಡ" ಎಂದರು. ಎರಡೂ ಸೇರಿದ ನಾಟಕವನ್ನು ಈಗ ಬರೆದಿಟ್ಟಿದ್ದೇನೆ, ಅವರು ಓದಿ ಒಪ್ಪಿದ್ದಾರೆ.

ಮುಂದಿನ ಭಾನುವಾರ ಕನ್ನಡ ಪೂಜೆ ಮುಗಿದ ಮೇಲೆ ತಾಲೀಮು ಶುರು. ಛತ್ರದ ಯಜಮಾನನ ಪಾತ್ರಕ್ಕೆ ಇನ್ನೂ ಯಾರೂ ಸಿಕ್ಕಿಲ್ಲ. ಕೊನೆಗೆ ಒಂದು ನಿಮಿಷ ಮಾತಿಲ್ಲದೆ ನಿಲ್ಲಬಲ್ಲವರು ಬಂದು ಹೆಸರು ಕೊಡಿ.